ಹಾದಿಯಲ್ಲೇ ಉಳಿಯುವ ಕಡತ

ಲಂಡನ್, ಶನಿವಾರ ರಾತ್ರಿ

ಪ್ರೀತಿಯ ತಮ್ಮನಿಗೆ,

ಬೆಳಿಗ್ಗೆ ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿ ಬ್ಲೆಚ್ಲಿಗೆ ಹೋಗಿ ಬಂದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗುಪ್ತಲಿಪಿ ಒಡೆದ ಜಾಗ. ಅಲ್ಲಿನ ಎಚ್ ಬ್ಲಾಕಿನಲ್ಲಿ ಈಗ ಕಂಪ್ಯೂಟರುಗಳ ರಾಷ್ಟ್ರೀಯ ಸಂಗ್ರಹಾಲಯ ಇದೆ. ಗುಪ್ತಲಿಪಿ ಒಡೆಯುವ ಕೊಲೋಸಸ್ ಯಂತ್ರ ನೋಡಿದೆ. ಅದರ ಕತೆ ನಿನಗೆ ಬಾಯಿಪಾಠ, ಬಿಡು. ನಾನು ಬರೆಯಲು ಕೂತಿದ್ದು ನಮ್ಮ ಹಪ್ಪಳದ ಕಡತದ ವಿಷಯಕ್ಕೆ.

ನೆನಪಿದೆ ತಾನೇ? ಆ ಬೇಸಿಗೆಯಲ್ಲಿ ಅಮ್ಮ ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಹಾಕಿ ನಮ್ಮಿಬ್ಬರನ್ನು ಕಾಗೆ ಕಾಯಲು ಕೂರಿಸಿದ್ದಳು. ನೀನು ಆಗಷ್ಟೇ ಸೊನ್ನೆ-ಒಂದರ ಲೆಕ್ಕ ಕಲಿತು ಬಂದಿದ್ದೆ. ಹಪ್ಪಳ ಇದ್ದರೆ ಒಂದು, ಜಾಗ ಖಾಲಿ ಇದ್ದರೆ ಸೊನ್ನೆ. ಎಂಟು ಜಾಗಕ್ಕೆ ಒಂದು ಇಂಗ್ಲಿಷ್ ಅಕ್ಷರ. ಕಾಗೆ ಒಂದನ್ನು ಕಚ್ಚಿಕೊಂಡು ಹಾರಿದರೆ ಅಕ್ಷರವೇ ಬದಲಾಗುತ್ತಲ್ಲೋ ಎಂದೆ. ನೀನು ಬಹಳ ಹೊತ್ತು ಸುಮ್ಮನೆ ಕೂತು, ಆಮೇಲೆ ಎದ್ದು, ಪ್ರತಿ ಅಡ್ಡಸಾಲಿನ, ಪ್ರತಿ ಉದ್ದಸಾಲಿನ ತುದಿಯಲ್ಲಿ ಬೇಕಾದ ಕಡೆ ಒಂದೊಂದು ಹಪ್ಪಳ ಸೇರಿಸಿ ಎಲ್ಲವನ್ನೂ ಸಮಸಂಖ್ಯೆ ಮಾಡಿಬಿಟ್ಟೆ. ಒಂದು ಹೋದರೆ ಒಂದು ಅಡ್ಡಸಾಲು, ಒಂದು ಉದ್ದಸಾಲು ಬೆಸವಾಗುತ್ತದೆ. ಅವೆರಡೂ ಕೂಡುವಲ್ಲಿಗೇ ಕಾಗೆ ಬಂದಿದ್ದು. ಈ ಉಪಾಯಕ್ಕೆ ಪ್ಯಾರಿಟಿ ಎಂಬ ಹೆಸರಿದೆಯೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಸಂಜೆ ಅಮ್ಮ ಚಾಪೆ ಸುತ್ತಿದಳು, ಕಡತವೆಲ್ಲ ಡಬ್ಬಿ ಸೇರಿತು.

ನಾನು ಹಾಸ್ಟೆಲಿಗೆ ಹೋದ ಮೇಲೆ ಹುಟ್ಟಿದ್ದು ಅಂಚೆ ಕಡತ. ಮನೆಯಲ್ಲಾಗಲಿ ಹಾಸ್ಟೆಲಿನಲ್ಲಾಗಲಿ ಏನನ್ನೂ ಇಟ್ಟುಕೊಳ್ಳುವಂತಿಲ್ಲ. ಬಂದ ಇನ್‌ಲ್ಯಾಂಡ್ ಲೆಟರನ್ನು ಹೊಸದಕ್ಕೆ ನಕಲು ಮಾಡಿ ಅದೇ ದಿನ ಡಬ್ಬಕ್ಕೆ ಹಾಕಬೇಕು. ಮೂಲೆಯಲ್ಲಿ ಕಡತದ ಹೆಸರು, ಪುಟದ ಸಂಖ್ಯೆ. ಅಳಿಸಬೇಕಾದರೆ ತಿರುಗಿ ಹಾಕದಿದ್ದರಾಯಿತು. ಪೋಸ್ಟಿನ ಚೀಲವೇ ನಮ್ಮ ಡಿಸ್ಕು. ಇದು ಯಾರೂ ಮಾಡದ ಹುಚ್ಚಾಟ ಅಂದುಕೊಂಡಿದ್ದೆವು.

ಮಾಡಿದ್ದಾರೆ ಕಣೋ! ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಅವರ ಜೊತೆಗಾರರು ಕಟ್ಟಿದ ಎಡ್ಸ್ಯಾಕ್ ಯಂತ್ರ 1949ರ ಮೇ 6ರಂದು ಮೊದಲ ಬಾರಿಗೆ ಲೆಕ್ಕ ಮಾಡಿತು. ಅದರ ನೆನಪು ಪಾದರಸದ ಕೊಳವೆಗಳಲ್ಲಿತ್ತು. ಸುಮಾರು 5 ಅಡಿ ಉದ್ದದ ಕೊಳವೆ. ಒಂದು ತುದಿಯ ಸ್ಫಟಿಕ ವಿದ್ಯುತ್ತಿನ ಮಿಡಿತವನ್ನು ಶಬ್ದ ಮಾಡಿ ಪಾದರಸದೊಳಗೆ ಬಿಡುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಅದು ಇನ್ನೊಂದು ತುದಿ ತಲುಪುತ್ತದೆ. ಅಲ್ಲಿಂದ ಎತ್ತಿ, ಚೊಕ್ಕ ಮಾಡಿ, ಮತ್ತೆ ಮೊದಲ ತುದಿಗೆ. ನಿಲ್ಲಿಸಿದರೆ ಅಳಿಯಿತು. ನಮ್ಮ ಅಂಚೆ ಕಡತವೇ ಅಲ್ಲವೇ ಇದು?

ಒಂದು ಕೊಳವೆಯಲ್ಲಿ 576 ಬಿಟ್, ಅಂದರೆ 72 ಬೈಟ್. ರೈಲಿನಲ್ಲಿ ಕೂತು ಲೆಕ್ಕ ಹಾಕಿದೆ: ಈಗಿನ ಯೂನಿಕೋಡಿನಲ್ಲಿ "ಸೌಖ್ಯವಾಗಿ ತಲುಪಿದ್ದೇನೆ" ಎಂದು ಬರೆಯಲು 61 ಬೈಟ್ ಬೇಕು. ಅಮ್ಮನಿಗೆ ಕಳಿಸುವ ಆ ಒಂದು ಸಾಲಿಗೆ ನಿನ್ನಷ್ಟು ಉದ್ದದ ಪಾದರಸ! ಬಿಸಿ ಏರುಪೇರಾದರೆ ಶಬ್ದದ ವೇಗವೂ ಬದಲಾಗಿ ಹೊತ್ತು ತಪ್ಪುತ್ತದೆ. ಪಾದರಸದ ಬದಲು ಜಿನ್ ತುಂಬಿಸಿ ಎಂದಿದ್ದರಂತೆ ಅಲನ್ ಟ್ಯೂರಿಂಗ್. ಜಿನ್ನಿನಲ್ಲಿ ನೀರು, ಆಲ್ಕೋಹಾಲು ಸರಿಯಾದ ಪ್ರಮಾಣದಲ್ಲಿರುವುದರಿಂದ ಸಾಧಾರಣ ಬಿಸಿಯಲ್ಲಿ ವೇಗ ಕದಲುವುದಿಲ್ಲ ಎಂಬುದು ಅವರ ವಾದ. ಸಂಗ್ರಹಾಲಯದಲ್ಲಿರುವುದು ಎಡ್ಸ್ಯಾಕಿನ ಪ್ರತಿರೂಪ. ಇದರಲ್ಲಿ ಪಾದರಸವಿಲ್ಲ, ನಿಕ್ಕಲ್ ತಂತಿಯೊಳಗೆ ಮಿಡಿತ ಓಡುತ್ತದೆ.

ಪಕ್ಕದಲ್ಲೇ 1951ರ ಹಾರ್ವೆಲ್ ಡೆಕಟ್ರಾನ್ ಕಂಪ್ಯೂಟರ್. ಅದು ಪ್ರತಿರೂಪವಲ್ಲ, ಅದೇ ಯಂತ್ರ. ಅದರ ಒಂದೊಂದು ಗಾಜಿನ ಬುರುಡೆಯ ತಲೆಯಲ್ಲಿ ಹತ್ತು ಮನೆ, ಒಂದರಲ್ಲಿ ಮಾತ್ರ ಕಿತ್ತಳೆ ಬಣ್ಣದ ಕಿಡಿ. ಕಿಡಿ ನಿಂತ ಮನೆಯೇ ಅಂಕಿ. ಅದು ಚೌಕಾಬಾರದ ಕಾಯಿಯಂತೆ ಟಕಟಕ ನಡೆಯುವುದನ್ನು ಎಷ್ಟು ಹೊತ್ತು ನೋಡುತ್ತ ನಿಂತೆನೋ.

ಇಂಟರ್ನೆಟ್ಟಿಗೂ ನಮ್ಮ ಅಂಚೆ ಕಡತದಂಥದೊಂದು ಇದೆ, ಪಿಂಗ್‌ಎಫ್‌ಎಸ್ ಅಂತ. ದೂರದ ಕಂಪ್ಯೂಟರನ್ನು "ಇದ್ದೀಯಾ" ಎಂದು ಕೂಗಿದರೆ ಅದು ಕೂಗಿದ್ದನ್ನೇ ಹಿಂದಕ್ಕೆ ಕೊಡುತ್ತದಲ್ಲ, ಆ ಕೂಗಿನೊಳಗೆ ಕಡತದ ತುಂಡು ಇಟ್ಟು ಕಳಿಸುವುದು, ಬಂದೊಡನೆ ಮತ್ತೆ ಕೂಗುವುದು. ಇಂಥ ಕೂಗನ್ನು ಪಾರಿವಾಳದ ಕಾಲಿಗೆ ಕಟ್ಟಿ ಕಳಿಸಿದವರೂ ಇದ್ದಾರೆ: 2001ರಲ್ಲಿ ನಾರ್ವೆಯ ಬರ್ಗೆನ್ನಿನಲ್ಲಿ 9 ಕೂಗಿಗೆ 4 ಉತ್ತರ ಬಂತು, ಬೇಗ ಬಂದದ್ದಕ್ಕೂ 50 ನಿಮಿಷ ದಾಟಿತ್ತು. ನಮ್ಮ ಅಂಚೆಯಣ್ಣ ಅವಕ್ಕಿಂತ ಎಷ್ಟೋ ವಾಸಿ, ಒಂದು ಕಾಗದವನ್ನೂ ಕಳೆದವರಲ್ಲ.

ಈ ಕಾಗದದ ಮೂಲೆ ನೋಡು, "ಹಪ್ಪಳ, ಪುಟ 1" ಎಂದು ಬರೆದಿದ್ದೇನೆ. ನಕಲು ಇಟ್ಟುಕೊಂಡಿಲ್ಲ, ಫೋಟೊ ತೆಗೆದಿಲ್ಲ. ಕೈಸೇರಿದ ದಿನವೇ ನಕಲು ಮಾಡಿ ಹಿಂಬದಿಯ ವಿಳಾಸಕ್ಕೆ ಹಾಕು. ಮುಂದಿನ ತಿಂಗಳ ಕೊನೆಯವರೆಗೂ ಇಲ್ಲೇ ಇರುತ್ತೇನೆ.

ನಿನ್ನ ಅಕ್ಕ