ಹರಾಜು ಅಂದರೆ ನಾಚಿಕೆಯೇ?

ಹರಾಜು ಎಂಬ ಮಾತು ಕಿವಿಗೆ ಬಿದ್ದರೆ ನಿಮಗೆ ಏನು ನೆನಪಾಗುತ್ತದೆ, ಹೇಳಿ? ಗಣೇಶನ ಹಬ್ಬದ ಕೊನೆಯ ದಿನ ಪೆಂಡಾಲಿನಲ್ಲಿ ದೇವರ ಮುಂದಿಟ್ಟ ಲಾಡನ್ನೋ ಹಣ್ಣಿನ ತಟ್ಟೆಯನ್ನೋ “ಒಂದು ಸಾರಿ, ಎರಡು ಸಾರಿ, ಮೂರು ಸಾರಿ” ಎಂದು ಕೂಗುವುದು ನೆನಪಾದರೆ ನೀವು ಪುಣ್ಯವಂತರು. ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ನೆನಪಾಗೋದು ಬೇರೆಯೇ. ಅಡವಿಟ್ಟ ಬಳೆ ಬಿಡಿಸಿಕೊಳ್ಳಲಾರದೆ ಹರಾಜಿಗೆ ಹೋದದ್ದು, ಸಾಲಗಾರರ ಮನೆ ಬಾಗಿಲಿಗೆ ನೋಟೀಸು ಅಂಟಿಸಿದ್ದು. ಬೈಗುಳದಲ್ಲೂ ಇದೇ ಮಾತು. ನಾಲ್ಕು ಜನರ ಮುಂದೆ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಸಾಕು, “ಮನೆ ಮರ್ಯಾದೆ ಹರಾಜು ಹಾಕ್ಬೇಡ್ವೇ” ಅನ್ನೋರು ನಮ್ಮಮ್ಮ.

ಅಂಥ ಅಮ್ಮನ ಮಗಳು ನಾನು, ಅರವತ್ತೆಂಟು ವರ್ಷದವಳು, ಅಮೆರಿಕದ ನ್ಯೂಜೆರ್ಸಿಯಲ್ಲಿ ಕೂತು ಹದಿನಾಲ್ಕು ತಿಂಗಳಿಂದ ಮನೆ ಸಾಮಾನನ್ನು ಹರಾಜು ಹಾಕ್ತಾ ಇದ್ದೀನಿ ಅಂದರೆ ಹುಬ್ಬೇರಿಸಬೇಡಿ. ಕೂಗುವುದಿಲ್ಲ, ಗಂಟೆ ಬಡಿಯುವುದಿಲ್ಲ. ಎಲ್ಲ ಕಂಪ್ಯೂಟರಿನಲ್ಲೇ, ಅಡುಗೆಮನೆಯ ಮೇಜಿನ ಮೇಲೆ, ಒಂದು ಕಡೆ ಬೇಳೆ ಬೇಯುತ್ತಿರುವಾಗ.

ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಅವರಿಗೆ ಫೋಟೋ ಹುಚ್ಚು. ೧೯೮೪ರಲ್ಲಿ ಮೈಸೂರು ಬಿಟ್ಟು ಇಲ್ಲಿಗೆ ಬಂದಾಗ ನಮ್ಮ ಆಸ್ತಿ ಎರಡು ಸೂಟ್‌ಕೇಸು. ಮೂರನೇ ತಿಂಗಳ ಸಂಬಳದಲ್ಲಿ ಇವರು ಮನೆಗೆ ತಂದದ್ದು ಸೋಫಾ ಅಲ್ಲ, ನಿಕಾನ್ ಕ್ಯಾಮೆರಾ! ಆಮೇಲೆ ಒಂದೊಂದೇ ಲೆನ್ಸು, ಅದಕ್ಕೊಂದು ಚೀಲ, ಮೂರು ಕಾಲಿನ ಸ್ಟ್ಯಾಂಡು, ಸ್ಲೈಡು ತೋರಿಸುವ ಕೊಡಾಕ್ ಪ್ರೊಜೆಕ್ಟರು. ನೆಲಮಾಳಿಗೆ ತುಂಬಿಹೋಗಿತ್ತು. ಇವರು ಹೋದ ಮೇಲೆ ಆಸ್ಪತ್ರೆಯ ಬಿಲ್ಲುಗಳು ಮಾತ್ರ ತಪ್ಪದೆ ಬರುತ್ತಿದ್ದವು, ನನ್ನ ಹೆಸರಿಗೆ. ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋಗುವುದು ಎಂದಾಯಿತು.

ಮನೆ ಖಾಲಿ ಮಾಡಿಸಿಕೊಡುವ ವ್ಯಾಪಾರಿಯೊಬ್ಬ ಬಂದ. ನೆಲಮಾಳಿಗೆಯಲ್ಲಿ ಒಂದು ಸುತ್ತು ಹಾಕಿ “ಒಟ್ಟಿಗೆ ೩೦೦ ಡಾಲರು” ಅಂದ. ಅಷ್ಟರೊಳಗೆ ಒಂದು ಲೆನ್ಸನ್ನು ಎತ್ತಿ ಕಣ್ಣಿಗೆ ಹಿಡಿದು, ಬೇಗನೆ ಕೆಳಗಿಟ್ಟುಬಿಟ್ಟ. ಆ ಬೇಗ ಇಟ್ಟದ್ದನ್ನು ನಾನು ನೋಡಿದೆ. ತರಕಾರಿಯವರ ಹತ್ತಿರ ನಲವತ್ತು ವರ್ಷ ಚೌಕಾಸಿ ಮಾಡಿದ ಹೆಂಗಸಿಗೆ ಅಷ್ಟೂ ತಿಳಿಯೋಲ್ಲವೇ? ಆಗಲ್ಲಪ್ಪ ಅಂದೆ.

ಮಗಳಿಗೆ ಬೇಸರ. “ಅಮ್ಮಾ, ಕೊಟ್ಬಿಡು. ನಿಂಗ್ಯಾಕೆ ಈ ಒದ್ದಾಟ? ದುಡ್ಡು ಬೇಕಾದ್ರೆ ನಾನು ಕೊಡಲ್ವಾ?” ಕೊಡ್ತಾಳೆ, ಬಂಗಾರದಂಥ ಮಗಳು. ಆದರೂ ಗಂಡನ ಔಷಧದ ಸಾಲ ತೀರಿಸೋದಕ್ಕೆ ಮಗಳ ಮುಂದೆ ಕೈ ಚಾಚುವುದು ಅಂದರೆ... ನೀವೇ ಯೋಚನೆ ಮಾಡಿ. ಕೊನೆಗೆ ಅವಳೇ ಒಂದು ಭಾನುವಾರ ಕೂತು ನನಗೆ ಈಬೇ ತೋರಿಸಿಕೊಟ್ಟಳು.

ಈ ಈಬೇಯನ್ನು ೧೯೯೫ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬ ತರುಣ ಶುರುಮಾಡಿದ. ಆಗ ಅದರ ಹೆಸರು ಆಕ್ಷನ್‌ವೆಬ್. ಮೊದಲು ಮಾರಿದ ಸಾಮಾನು ಯಾವುದು ಗೊತ್ತೇ? ಕೆಟ್ಟುಹೋದ ಒಂದು ಲೇಸರ್ ಪಾಯಿಂಟರು, ೧೪ ಡಾಲರ್ ೮೩ ಸೆಂಟಿಗೆ. ಕೆಟ್ಟಿದೆ ಅಂತ ಗೊತ್ತಿದೆಯೇನಪ್ಪ ಎಂದು ಕೇಳಿದರೆ, ತಾನು ಕೆಟ್ಟವುಗಳನ್ನೇ ಕೂಡಿಹಾಕುವವನು ಅಂದನಂತೆ ಕೊಂಡಾತ! ನಮ್ಮ ಗುಜರಿಯವರು ಕೇಳಿದರೆ ನಕ್ಕಾರು.

ಹೇಗೆ ನಡೆಯುತ್ತೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ. ಮಾರುವವರು ಫೋಟೋ ಹಾಕಿ, ವಿವರ ಬರೆದು, ಶುರುವಿನ ಬೆಲೆ ಇಟ್ಟು, ಏಳು ದಿನವೋ ಹತ್ತು ದಿನವೋ ಗಡುವು ಕೊಡುತ್ತಾರೆ. ಕೊಳ್ಳುವವರು ತಮ್ಮ ಕೊನೆಯ ಮಿತಿಯನ್ನು ಗುಟ್ಟಾಗಿ ಬರೆದಿಡುತ್ತಾರೆ. ೫೦ ಡಾಲರ್ ಅಂತ ನೀವು ಬರೆದಿಟ್ಟಿರಿ ಅನ್ನಿ. ನಿಮ್ಮ ಎದುರಾಳಿ ೩೦ಕ್ಕೆ ನಿಂತುಬಿಟ್ಟರೆ ನೀವು ೫೦ ಕೊಡಬೇಕಾಗಿಲ್ಲ, ೩೧ಕ್ಕೆ ಸಾಮಾನು ನಿಮ್ಮದು. ಅಂದರೆ ಬೆಲೆ ಕಟ್ಟುವವರು ಗೆದ್ದವರಲ್ಲ, ಸೋತವರು! ಈ ಬಗೆಯ ಹರಾಜಿನ ಲೆಕ್ಕವನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು ೧೯೬೧ರಲ್ಲೇ ಬರೆದಿದ್ದರು. ೧೯೯೬ರಲ್ಲಿ ಅವರಿಗೆ ನೊಬೆಲ್ ಬಂತು. ಪಾಪ, ಸುದ್ದಿ ಬಂದ ಮೂರೇ ದಿನಕ್ಕೆ ತೀರಿಕೊಂಡರು.

ಈ ಮಾತು ನನ್ನ ತಲೆಗೆ ಹತ್ತಿದ್ದು ನಿಧಾನವಾಗಿ. ಒಂದು ವಸ್ತು ಒಬ್ಬರಿಗೆ ಎಷ್ಟೇ ಪ್ರಾಣವಾಗಿರಲಿ, ಅದರಿಂದ ಬೆಲೆ ಬರುವುದಿಲ್ಲ. ಅದು ಇಬ್ಬರಿಗೆ ಬೇಕಾಗಬೇಕು.

ಆ ವ್ಯಾಪಾರಿ ಎತ್ತಿ ಇಟ್ಟ ಲೆನ್ಸು ಇತ್ತಲ್ಲ, ಅದನ್ನೇ ಮೊದಲು ಹಾಕಿದೆ. ೧೦೫ ಮಿಲಿಮೀಟರಿನ ನಿಕ್ಕಾರ್. ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಚಿತ್ರ ನೋಡಿದ್ದೀರಲ್ಲ, ೧೯೮೫ರ ನ್ಯಾಷನಲ್ ಜಿಯೋಗ್ರಾಫಿಕ್ ರಕ್ಷಾಪುಟದ್ದು? ಅದನ್ನು ಸ್ಟೀವ್ ಮೆಕರಿ ತೆಗೆದದ್ದು ಇದೇ ಅಳತೆಯ ನಿಕ್ಕಾರ್ ಲೆನ್ಸಿನಲ್ಲಿ. ಇವರು ಅದರಲ್ಲಿ ತೆಗೆದದ್ದೆಲ್ಲ ಮಗಳ ಮುಖ. ಈಗಿನ ಹೊಸ ಕ್ಯಾಮೆರಾಗಳಿಗೂ ನಡುವೆ ಒಂದು ಬಳೆ ಸಿಕ್ಕಿಸಿ ಇಂಥ ಹಳೆಯ ಲೆನ್ಸು ಹಾಕಬಹುದಂತೆ. ಹಾಗಾಗಿ ಹುಡುಗರು ಹುಡುಕಿಕೊಂಡು ಬರುತ್ತಾರೆ.

೯ ಡಾಲರ್ ೯೯ ಸೆಂಟಿಗೆ ಶುರುಮಾಡಿದೆ. “ಒಳಗೆ ಎರಡು ಧೂಳಿನ ಕಣ ಇದೆ. ಅಂಚಿನಲ್ಲಿ ಉಗುರಿನಷ್ಟು ಬಣ್ಣ ಹೋಗಿದೆ. ಉಂಗುರ ಸ್ವಲ್ಪ ಬಿಗಿ” ಎಂದೆಲ್ಲ ಬರೆದು, ಬಣ್ಣ ಹೋದ ಜಾಗದ ಫೋಟೋವನ್ನೇ ದೊಡ್ಡದಾಗಿ ಹಾಕಿದೆ. ಮಗಳು, “ಹೀಗೆ ಬರೆದ್ರೆ ಯಾರು ತಗೋತಾರಮ್ಮ?” ಅಂದಳು. ಹೆಣ್ಣು ತೋರಿಸುವಾಗ ಕುಂಟು ಮುಚ್ಚಿಟ್ಟರೆ ಮದುವೆಯಾದ ಮೇಲೆ ತವರಿಗೇ ಬರುತ್ತೆ ಅಂದೆ. ಆರು ದಿನ ೪೦ರ ಆಸುಪಾಸಿನಲ್ಲೇ ತೂಗಾಡಿತು. ಕೊನೆಯ ಒಂದೇ ನಿಮಿಷದಲ್ಲಿ ೧೪೨ಕ್ಕೆ ಹಾರಿತು! ಒಲೆಯ ಮೇಲಿನ ಹುಳಿ ತಳ ಹಿಡಿದದ್ದೂ ಗೊತ್ತಾಗಲಿಲ್ಲ.

ಕೊನೆಯ ನಿಮಿಷದ ಈ ಜಿಗಿತ ಈಬೇಯಲ್ಲಿ ಮಾಮೂಲು. ಗಡುವು ಒಂದು ಸೆಕೆಂಡೂ ಮುಂದಕ್ಕೆ ಹೋಗದು. ಅದಕ್ಕೇ ಗಟ್ಟಿ ಗಿರಾಕಿಗಳು ಬೆಕ್ಕಿನ ಹಾಗೆ ಹೊಂಚುಹಾಕಿ ಕೊನೇ ಗಳಿಗೆಯಲ್ಲಿ ಸವಾಲು ಹಾಕುತ್ತಾರೆ. ಕೊಳ್ಳುವವರಾಗಿ ನೀವು ಹೋದರೆ ಈ ಜಿದ್ದಿಗೆ ಬೀಳಬೇಡಿ. ಮಿತಿ ಬರೆದಿಟ್ಟು ಮಲಗಿಬಿಡಿ. ಬೆಳಿಗ್ಗೆ ಸಿಕ್ಕಿದರೆ ಸಿಕ್ಕಿತು.

ಇನ್ನು ಕುಂದು ಹೇಳಿಕೊಳ್ಳುವ ಮಾತು. ಎರಡೂ ಕಡೆಯವರು ಮುಖ ನೋಡದ ವ್ಯಾಪಾರ ಇದು. ನಂಬಿಕೆಗೆ ಇರುವುದು ಹಿಂದಿನವರು ಬರೆದಿಟ್ಟ ಅಭಿಪ್ರಾಯಗಳಷ್ಟೇ. ಮಿಷಿಗನ್ ವಿಶ್ವವಿದ್ಯಾನಿಲಯದ ಪಾಲ್ ರೆಸ್ನಿಕ್ ಮತ್ತು ಸಂಗಡಿಗರು ಒಂದು ಪರೀಕ್ಷೆ ಮಾಡಿ ೨೦೦೬ರಲ್ಲಿ ಪ್ರಕಟಿಸಿದರು. ಹಳೆಯ ಪೋಸ್ಟ್‌ಕಾರ್ಡುಗಳನ್ನು ಒಬ್ಬನೇ ಮಾರಾಟಗಾರ ತನ್ನ ಒಳ್ಳೆಯ ಹೆಸರಿನಲ್ಲೂ ಯಾರಿಗೂ ಗೊತ್ತಿಲ್ಲದ ಹೊಸ ಹೆಸರುಗಳಲ್ಲೂ ಮಾರಿದ. ಒಳ್ಳೆಯ ಹೆಸರಿಗೆ ಜನ ನೂರಕ್ಕೆ ೮.೧ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರಂತೆ. ಆದರೆ ಮಾರುವವರು ಕೊಳ್ಳುವವರ ಮೇಲೆ ಕೆಟ್ಟ ಅಭಿಪ್ರಾಯ ಬರೆಯುವಂತಿಲ್ಲ. ೨೦೦೮ರಲ್ಲೇ ಆ ಹಕ್ಕು ತೆಗೆದುಹಾಕಿದರು. ಸೊಸೆಗೆ ಮಾತ್ರ ಬಾಯಿ ಮುಚ್ಚು ಅಂದ ಹಾಗೆ!

ಬಂದ ದುಡ್ಡೆಲ್ಲ ಕೈಗೆ ಸಿಗುತ್ತೆ ಅಂದುಕೊಳ್ಳಬೇಡಿ. ಹೆಚ್ಚಿನ ಸಾಮಾನಿಗೆ ನೂರಕ್ಕೆ ೧೩ರ ಮೇಲೆ ಅವರ ಪಾಲು. ಗಿರಾಕಿ ಕೊಟ್ಟ ಅಂಚೆ ಖರ್ಚು, ತೆರಿಗೆ ಎಲ್ಲ ಸೇರಿದ ಮೊತ್ತದ ಮೇಲೆ ಅದು. ಭಾರದ ಸಾಮಾನಿಗೆ ಇಲ್ಲಿನ ಅಂಚೆ ಕಚೇರಿಯಲ್ಲಿ ಒಂದು ಉಪಾಯವಿದೆ. ಅವರೇ ಬಿಟ್ಟಿಯಾಗಿ ಕೊಡುವ ರಟ್ಟಿನ ಡಬ್ಬದಲ್ಲಿ ಹಿಡಿಸಿದ್ದೆಲ್ಲ, ೭೦ ಪೌಂಡಿನವರೆಗೂ, ದೇಶದೊಳಗೆ ಒಂದೇ ದರ. ಹಿತ್ತಾಳೆ ಮಾರುವವರಿಗೆ ಇದು ವರ.

ಹಿತ್ತಾಳೆ ಅಂದ ಕೂಡಲೇ ನೆನಪಾಯಿತು, ನಾನೂ ಒಂದೆರಡು ಕೊಂಡೆ. ನಮ್ಮ ದೇಶದ ಪಾತ್ರೆಗಳಿಗೆ ಇಲ್ಲಿ ಎಂಥೆಂಥ ನಾಮಕರಣ ಅಂತೀರಿ! ತಂಬಿಗೆ ಹೂದಾನಿಯಾಗಿದೆ. ಪೀಕದಾನಿ ಅದಕ್ಕಿಂತ ಚೆಂದದ ಹೂದಾನಿ. ಪಂಚಪಾತ್ರೆ ಉದ್ಧರಣೆ “ಸಕ್ಕರೆ ಬಟ್ಟಲು, ಚಮಚ ಸಹಿತ.” ಚಕ್ಕುಲಿ ಒರಳೊಂದನ್ನು “ಪುರಾತನ ಸೇವಿಗೆ ಯಂತ್ರ” ಅಂತ ಹಾಕಿದ್ದರು. ಹೆಸರು ತಪ್ಪಿದ್ದರಿಂದಲೋ ಏನೋ, ನನ್ನ ಬಿಟ್ಟು ಇನ್ನೊಬ್ಬರು ಬರಲಿಲ್ಲ. ೧೧ ಡಾಲರಿಗೆ ಸಿಕ್ಕಿತು, ಅಂಚೆ ಖರ್ಚು ೧೪! ಈ ಸಲದ ಗೋಕುಲಾಷ್ಟಮಿಗೆ ಅದರಲ್ಲೇ ಚಕ್ಕುಲಿ ಒತ್ತಿದೆ.

ಮಾರುವವರಿಗೆ ಇನ್ನೊಂದು ಮಾತು. ಬೆಲೆ ತಿಳಿಯಬೇಕಾದರೆ ಜನ ಕೇಳುತ್ತಿರುವ ಬೆಲೆಯನ್ನು ನೋಡಬೇಡಿ. ಕೇಳೋದಕ್ಕೇನು, ಬಾಯಿ ಇದ್ದವರೆಲ್ಲ ಸಾವಿರ ಕೇಳ್ತಾರೆ. ಮುಗಿದ ಹರಾಜುಗಳ ಪಟ್ಟಿ ಬೇರೆಯೇ ಸಿಗುತ್ತದೆ, ನಿಜವಾಗಿ ಕೈ ಬದಲಾದ ಬೆಲೆ ಅಲ್ಲಿರುತ್ತೆ. ಹಾಗೆಯೇ, ಗೆದ್ದವರೊಬ್ಬರು “ಬೆಲೆಗಿಂತ ಹೆಚ್ಚಿನ ಚೆಕ್ಕು ಕಳಿಸ್ತೀನಿ, ಉಳಿದದ್ದು ನನ್ನ ಏಜೆಂಟಿಗೆ ಕಳಿಸಿಬಿಡಿ” ಎಂದು ನನಗೆ ಬರೆದಿದ್ದರು. ಚೆಕ್ಕು ಖೋಟಾ ಆಗಿರುತ್ತೆ, ನೀವು ಕಳಿಸಿದ ದುಡ್ಡು ಮಾತ್ರ ನಿಜ. ಉತ್ತರವನ್ನೇ ಬರೆಯದೆ ದೂರು ಕೊಟ್ಟೆ.

ಊರಿನಲ್ಲಿರುವ ನಿಮಗೆ ಇದರಿಂದ ಏನು ಅಂತೀರಾ? ನಮ್ಮ ದೇಶದಲ್ಲೂ ೨೦೦೦ದಲ್ಲಿ ಬಾಜಿ ಡಾಟ್ ಕಾಮ್ ಎಂಬ ಹರಾಜುಕಟ್ಟೆ ಶುರುವಾಗಿತ್ತು. ೨೦೦೪ರಲ್ಲಿ ಅದನ್ನು ಈಬೇ ಕೊಂಡಿತು, ೨೦೧೮ರ ಆಗಸ್ಟಿನಲ್ಲಿ ಆ ಭಾರತದ ಅಂಗಡಿ ಮುಚ್ಚಿತು. ಈಗ ಅಲ್ಲಿ ಹಳೆಯ ಸಾಮಾನು ಮಾರುವ ತಾಣಗಳಲ್ಲಿ ಹೆಚ್ಚಾಗಿ ನಡೆಯೋದು ನಮ್ಮ ಹಳೆಯ ಚೌಕಾಸಿಯೇ. ಮೈಸೂರಿನ ನನ್ನ ನಾದಿನಿ ಸೋಫಾ ಮಾರಲು ಹೊರಟಾಗ, ತಾನು ಮಿಲಿಟರಿಯವನು ಎಂದುಕೊಂಡು ಒಬ್ಬ ಫೋನು ಮಾಡಿದನಂತೆ. ಸೋಫಾ ನೋಡಲೇ ಇಲ್ಲ, ಚೌಕಾಸಿಯೂ ಇಲ್ಲ. “ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಮೇಡಂ, ದುಡ್ಡು ನಿಮ್ಮ ಖಾತೆಗೆ ಬರುತ್ತೆ” ಅಂದನಂತೆ. ನಾದಿನಿ ಜಾಣೆ, ಫೋನು ಕುಕ್ಕಿದಳು. ದುಡ್ಡು ಬರೋದಕ್ಕೆ ಪಿನ್ ಒತ್ತಬೇಕಾಗಿಲ್ಲ, ಹೋಗೋದಕ್ಕೆ ಮಾತ್ರ ಒತ್ತಬೇಕು. ಇದನ್ನು ಮನೆಯಲ್ಲಿರುವ ಹಿರಿಯರಿಗೆಲ್ಲ ಹೇಳಿಕೊಡಿ. ಅಜ್ಜಿಯ ಕಾಲದ ವಿಗ್ರಹವನ್ನೋ ಚಿತ್ರವನ್ನೋ ವಿದೇಶದವರು ಕೇಳಿದರೆ ದುಡುಕಬೇಡಿ. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ೧೯೭೨ರ ಕಾಯಿದೆಯ ಪ್ರಕಾರ ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ.

ಹದಿನಾಲ್ಕು ತಿಂಗಳಲ್ಲಿ ೬೩ ಸಾಮಾನು ಹೋದವು. ಅವರ ಪಾಲು, ಅಂಚೆ ಎಲ್ಲ ಕಳೆದು ಕೈಗೆ ಸಿಕ್ಕಿದ್ದು ೩,೧೮೦ ಡಾಲರು. ಆಸ್ಪತ್ರೆಯ ಬಾಕಿಯಲ್ಲಿ ಎರಡು ಬಿಲ್ಲು ಪೂರ್ತಿ ತೀರಿತು, ಮೂರನೆಯದು ಅರ್ಧ. ಸ್ಲೈಡುಗಳ ಡಬ್ಬಗಳನ್ನು ಹರಾಜಿಗೆ ಇಡಲಿಲ್ಲ, ಮಗಳು ತನ್ನ ಮನೆಗೆ ಒಯ್ದಳು.

ಪ್ರೊಜೆಕ್ಟರಿನ ವಿಷಯ ಹೇಳಿದರೆ ಈಗಲೂ ಹೊಟ್ಟೆ ಉರಿಯುತ್ತೆ. ಆರು ತಿಂಗಳು ದುಡ್ಡು ಕೂಡಿಸಿ ಇವರು ತಂದದ್ದು ಅದು. ಗೋಡೆಗೆ ನನ್ನ ಬಿಳಿ ಸೀರೆ ಕಟ್ಟಿ, ದೀಪ ಆರಿಸಿ, ಬಂದ ನೆಂಟರಿಗೆಲ್ಲ ನಯಾಗರ ತೋರಿಸಿದ್ದೇ ತೋರಿಸಿದ್ದು. ಕೊಡಾಕ್‌ನವರು ಆ ಪ್ರೊಜೆಕ್ಟರು ಮಾಡುವುದನ್ನು ೨೦೦೪ರಲ್ಲೇ ನಿಲ್ಲಿಸಿದರು. ಮೊದಲ ಸಲ ಹರಾಜಿಗಿಟ್ಟಾಗ ಏಳು ದಿನವೂ ಒಬ್ಬರೂ ತಿರುಗಿ ನೋಡಲಿಲ್ಲ. ಸೊನ್ನೆ! ಇವರಿಗೇ ಯಾರೋ ಅವಮಾನ ಮಾಡಿದ ಹಾಗೆ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಆಮೇಲೆ ಹೊಸ ಬಲ್ಬು ಹಾಕಿ, ಸೀರೆ ಕಟ್ಟಿದ ಗೋಡೆಯ ಮೇಲೆ ಬೆಳಕು ಬೀಳುವ ಫೋಟೋ ತೆಗೆದು, ಕಳೆದ ವಾರ ಮತ್ತೆ ಇಟ್ಟಿದ್ದೀನಿ. ಭಾನುವಾರ ಸಂಜೆ ಏಳಕ್ಕೆ ಗಡುವು. ಆರು ಜನ ಕಣ್ಣಿಟ್ಟಿದ್ದಾರೆ ಅಂತ ತೋರಿಸುತ್ತಿದೆ. ಸವಾಲು ಹಾಕಿರುವವರು ಒಬ್ಬರೇ, ೯ ಡಾಲರ್ ೯೯ಕ್ಕೆ. ಇನ್ನೊಬ್ಬರು ಬರಬೇಕು.