ದಿನಾ ಬರುವ ಹುಡುಗರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ನಾಲ್ಕೂ ಊರುಗಳಲ್ಲಿ ಫುಟ್‌ಬಾಲ್‌ಗೆ ಸಿಗುವುದು ಕೊನೆಯ ಪಂಕ್ತಿಯ ಊಟ. ಮೈದಾನದ ನಡುಭಾಗ ಕ್ರಿಕೆಟ್ಟಿನವರದು. ಒಂದು ಬದಿಗೆ ವಾಲಿಬಾಲ್ ನೆಟ್ಟು ಕಟ್ಟಿರುತ್ತಾರೆ. ಅಂಚಿನ ದಾರಿ ವಾಕಿಂಗ್ ಬರುವ ಹಿರಿಯರಿಗೆ. ಉಳಿದ ಮೂಲೆಯಲ್ಲಿ ನಾಲ್ಕು ಕಲ್ಲಿಟ್ಟು ಗೋಲು ಮಾಡಿಕೊಂಡರೆ ಅದಷ್ಟೇ ನಮ್ಮದು. ಅಲ್ಲಿ ‘ಇಲ್ಲಿ ಕೊಡೋ’ ಎಂದು ಒಬ್ಬ, ‘ಇಟ್ಟಾ ಇಯ್ರಾ’ ಎಂದು ಇನ್ನೊಬ್ಬ, ‘ಇಧರ್ ದೇ’ ಎಂದು ಮತ್ತೊಬ್ಬ ಕೂಗುತ್ತಿರುತ್ತಾರೆ. ಗಡಿ ಸೀಮೆಯ ಆಟ. ಚೆಂಡಿಗೆ ಮೂರೂ ಭಾಷೆ ಬರುತ್ತದೆ.

ಹರೆಯದಲ್ಲಿ ನಾನು ಈ ಮೈದಾನಗಳಲ್ಲೆಲ್ಲ ಫುಲ್‌ಬ್ಯಾಕ್ ಆಗಿ ಆಡಿದೆ. ಈಗ ಸಂಜೆ ಹೊತ್ತು ಹುಡುಗರಿಗೆ ಹೇಳಿಕೊಡುತ್ತೇನೆ. ಇಷ್ಟು ವರ್ಷಗಳಲ್ಲಿ ಅತಿ ಹೆಚ್ಚು ಕೇಳಿಸಿಕೊಂಡ ಮಾತು, ‘ಸಾರ್, ಇವನು ಹುಟ್ಟಾ ಪ್ಲೇಯರ್ರು’ ಎನ್ನುವುದು. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: ‘ಅವನು ಪಾಪ, ಕಷ್ಟಪಡ್ತಾನೆ, ಆದ್ರೆ ಆಟ ಇಲ್ಲ.’ ಹೇಳುವವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಈ ಎರಡು ಮಾತುಗಳ ನಡುವೆ ನಮ್ಮ ಕಡೆಯ ಎಷ್ಟೋ ಹುಡುಗರ ಆಟ ಮುಗಿದು ಹೋಗಿದೆ. ಅದು ನನ್ನನ್ನು ಬಿಡದೆ ಕಾಡುತ್ತದೆ.

ತೊಂಬತ್ತು ನಿಮಿಷದ ಆಟದಲ್ಲಿ ಒಬ್ಬ ಆಟಗಾರನ ಕಾಲಿನ ಹತ್ತಿರ ಚೆಂಡು ಇರುವುದು ಮೂರು ನಿಮಿಷವೂ ಇಲ್ಲ. ದೊಡ್ಡ ಲೀಗುಗಳಲ್ಲಿ ಗಡಿಯಾರ ಹಿಡಿದು ಅಳೆದವರೇ ಇದನ್ನು ಹೇಳಿದ್ದಾರೆ. ಅದೇ ಹೊತ್ತಿನಲ್ಲಿ ಆತ ಓಡುವುದು ಸುಮಾರು ಹತ್ತು ಕಿಲೋಮೀಟರ್. ಕಾಲಚಳಕ, ಡ್ರಿಬಲ್, ಎದುರಾಳಿಯನ್ನು ಬೇಸ್ತು ಬೀಳಿಸುವ ತಿರುವು, ಎಲ್ಲವೂ ಆ ಮೂರು ನಿಮಿಷದ ಒಳಗಿನ ಮಾತು. ಮಿಕ್ಕದ್ದೆಲ್ಲ ಬೇರೆ ಕೆಲಸ: ಚೆಂಡು ಕಳೆದುಕೊಂಡಾಗ ಹಿಂದಕ್ಕೆ ಓಡಿ ಬರುವುದು, ಜೊತೆಗಾರ ಮುಂದೆ ಹೋದಾಗ ಅವನ ಜಾಗ ಕಾಯುವುದು, ಪಾಸ್ ಬರುವುದಿಲ್ಲ ಎಂದು ಗೊತ್ತಿದ್ದರೂ ಖಾಲಿ ಜಾಗಕ್ಕೆ ನುಗ್ಗಿ ಎದುರಾಳಿಯನ್ನು ತನ್ನ ಕಡೆ ಎಳೆದುಕೊಳ್ಳುವುದು. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಕೆಳ ಹಂತದ ಫುಟ್‌ಬಾಲಿನಲ್ಲಿ ಪಂದ್ಯ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಅಲ್ಲೇ. ಎಪ್ಪತ್ತನೆಯ ನಿಮಿಷದಲ್ಲಿ ಯಾರ ಕಾಲಲ್ಲಿ ಇನ್ನೂ ಓಟ ಉಳಿದಿದೆಯೋ ಆ ತಂಡ ಗೋಲು ಹೊಡೆಯುತ್ತದೆ.

ಶಿಡ್ಲಘಟ್ಟದ ಒಬ್ಬ ಹುಡುಗನ ಬಗ್ಗೆ ಹೇಳಬೇಕು. ಹತ್ತೊಂಬತ್ತು ವರ್ಷ, ಗೋಲ್‌ಕೀಪರ್. ಕೆಲಸ ಮಾಡುವುದು ರೇಷ್ಮೆ ಬಿಚ್ಚುವ ಕಡೆ. ಶಿಡ್ಲಘಟ್ಟವೆಂದರೆ ಗೂಡಿನ ಮಾರುಕಟ್ಟೆ, ಮಾರುಕಟ್ಟೆಯೆಂದರೆ ಅದರ ಸುತ್ತಲಿನ ಬೀದಿಗಳ ರೀಲಿಂಗ್ ಮನೆಗಳು. ಬೆಳಕು ಹರಿಯುವ ಮುಂಚೆಯೇ ಬೇಸಿನ್ನಿನ ನೀರು ಕಾಯುತ್ತದೆ. ಬೆಂದ ಗೂಡುಗಳ ನಡುವೆ ಬೆರಳಾಡಿಸಿ ಎಳೆಯ ತುದಿ ಹಿಡಿಯಬೇಕು, ಎಳೆ ಕಡಿದರೆ ಇನ್ನೊಂದನ್ನು ಸೇರಿಸಬೇಕು. ಆ ಬಿಸಿ ನೀರಿನಲ್ಲಿ ಹೊತ್ತುಗಟ್ಟಲೆ ನೆನೆದ ಅವನ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಹೆಬ್ಬೆರಳ ಬುಡದಲ್ಲಿ ಚರ್ಮ ಸುಲಿದು ಒಳಗಿನ ಕೆಂಪು ಕಾಣುತ್ತಿತ್ತು. ಆ ಕೈಯಲ್ಲೇ ಸಂಜೆ ಚೆಂಡು ಹಿಡಿಯುತ್ತಿದ್ದ. ಮೊದಮೊದಲು ಹಿಡಿಯುವುದು ಬಿಟ್ಟು ಮುಷ್ಟಿಯಲ್ಲಿ ಗುದ್ದುತ್ತಿದ್ದ. ಕೇಳಿದರೆ ‘ಉರಿಯುತ್ತೆ ಸಾರ್’ ಎಂದ, ಅಷ್ಟೇ. ಗುದ್ದುವುದನ್ನೇ ಕಲಿತ. ಕಾರ್ನರ್ ಕಿಕ್ ಬಂದಾಗ ಆರು ಜನರ ತಲೆಗಳ ಮೇಲಿಂದ ಎರಡೂ ಮುಷ್ಟಿ ಸೇರಿಸಿ ಚೆಂಡನ್ನು ಬದಿಗೆರೆಯತ್ತ ಎಸೆಯುವ ಹಾಗೆ ಗುದ್ದುತ್ತಿದ್ದ. ನಮ್ಮ ಸುತ್ತಿನ ಬೇರೆ ಯಾವ ಗೋಲ್‌ಕೀಪರ್‌ಗೂ ಅದು ಬರುತ್ತಿರಲಿಲ್ಲ.

ಒಂದು ಆಯ್ಕೆ ಪಂದ್ಯಕ್ಕೆ ಅವನನ್ನು ಕರೆದುಕೊಂಡು ಹೋದೆ. ನೋಡಲು ಬಂದವರು ಇಪ್ಪತ್ತು ನಿಮಿಷ ನೋಡಿದರು. ಅವನ ಕಡೆ ಬಂದ ಚೆಂಡು ಎರಡೋ ಮೂರೋ. ‘ಕೈ ಸೇಫ್ ಇಲ್ಲ, ಚೆಂಡು ಹಿಡಿಯಲ್ಲ’ ಎಂದು ಬರೆದುಕೊಂಡರು. ಇಪ್ಪತ್ತು ನಿಮಿಷದಲ್ಲಿ ಕಾಣುವುದು ಅಷ್ಟೇ. ಅವನು ಒಂದು ಸಂಜೆಯೂ ತಪ್ಪಿಸಿಲ್ಲ ಎನ್ನುವುದು, ಮೂರು ಗೋಲು ಬಿಟ್ಟುಕೊಟ್ಟ ಮಾರನೆಯ ದಿನ ಎಲ್ಲರಿಗಿಂತ ಮೊದಲು ಬಂದು ಕಲ್ಲು ಆಯ್ದು ಮೂಲೆಗೆ ಹಾಕಿದ ಎನ್ನುವುದು ಆ ಇಪ್ಪತ್ತು ನಿಮಿಷದೊಳಗೆ ಬರುವುದಿಲ್ಲ. ನಮ್ಮ ಆಯ್ಕೆಯ ಪದ್ಧತಿಯ ಮೂಲ ದೋಷವೇ ಇದು. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಮೆಟ್ಟಿಲು ಮೆಟ್ಟಿಲಾಗಿ ಕ್ರೀಡಾಕೂಟ ನಡೆಯುತ್ತದೆ. ಪ್ರತಿ ಮೆಟ್ಟಿಲಲ್ಲೂ ಒಂದು ದಿನ, ಕೆಲವು ಸಲ ಅರ್ಧ ದಿನ. ಒಂದು ದಿನದಲ್ಲಿ ಚಳಕವನ್ನು ಅಳೆಯಬಹುದು. ನಿಷ್ಠೆಯನ್ನು ಅಳೆಯಲು ಕನಿಷ್ಠ ಒಂದು ಮಳೆಗಾಲ ಬೇಕು.

ಹುಟ್ಟು ಪ್ರತಿಭೆ ಎಂಬುದೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಬೆಂಗಳೂರಿನ ಅಹ್ಮದ್ ಖಾನ್ 1948ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದರು, 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು, ಕಲ್ಕತ್ತೆಯ ಈಸ್ಟ್ ಬೆಂಗಾಲಿನ ‘ಪಂಚ ಪಾಂಡವ’ರಲ್ಲಿ ಒಬ್ಬರಾದರು. ಚೆಂಡನ್ನು ಅವರು ಆಡಿಸುವ ಪರಿ ಕಂಡು ಜನ ಹಾವಾಡಿಗನೆಂದು ಕರೆದರು. ಅದೇ ಲಂಡನ್ನಿನಲ್ಲಿ, ಬಹುತೇಕ ಬರಿಗಾಲಲ್ಲಿ ಆಡಿದ ನಮ್ಮ ತಂಡ ಫ್ರಾನ್ಸ್ ಎದುರು ಎರಡು ಪೆನಾಲ್ಟಿ ಕೈಚೆಲ್ಲಿ 1-2ರಿಂದ ಸೋತಾಗ, ಭಾರತದ ಆ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್, ಮೈಸೂರು ಸಂಸ್ಥಾನದ ಪರ ಆಡುತ್ತಿದ್ದವರು. ಅದಕ್ಕೂ ಹಿಂದೆ, 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂದಿತ್ತು. ಇವರೆಲ್ಲರ ಕಾಲಲ್ಲಿ ಏನೋ ಇತ್ತು, ಹೌದು.

ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಬೆಂಗಳೂರಿನ ದಂಡು ಪ್ರದೇಶ, ಹಲಸೂರು, ಆಸ್ಟಿನ್ ಟೌನ್, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರ, ಇಷ್ಟೇ ಇಷ್ಟು ಬೀದಿಗಳಲ್ಲಿ ಅಷ್ಟೊಂದು ಆಟಗಾರರು ಹೇಗೆ ಹುಟ್ಟಿದರು? ಅರವತ್ತು ಕಿಲೋಮೀಟರ್ ಈಚೆಗೆ, ನಂದಿ ಬೆಟ್ಟದ ಬುಡದಲ್ಲಿ ದೇವರು ಪ್ರತಿಭೆ ಹಂಚುವುದನ್ನು ಮರೆತನೆ? ಆ ಬೀದಿಗಳ ಬಳಿ ಪಟಾಲಮ್ಮುಗಳ ಮೈದಾನಗಳಿದ್ದವು, ದಿನವೂ ಆಟ ನಡೆಯುತ್ತಿತ್ತು, ಆಡಿದವನಿಗೆ ಮುಂದೆ ಕಾರ್ಖಾನೆಯಲ್ಲೋ ಸೈನ್ಯದಲ್ಲೋ ಕೆಲಸ ಸಿಗುತ್ತಿತ್ತು. ನಾವು 2007ರವರೆಗೂ ಸೇರಿಕೊಂಡಿದ್ದ ಹಳೆಯ ಕೋಲಾರ ಜಿಲ್ಲೆಯಲ್ಲೇ ನೋಡಿ. ಚಿನ್ನದ ಗಣಿಯ ಕಾಲೊನಿಗಳಲ್ಲಿ ಫುಟ್‌ಬಾಲೂ ಹಾಕಿಯೂ ಬೇರೂರಿದವು. ಜಾಗ ಇತ್ತು, ಜೊತೆ ಇತ್ತು, ನೋಡುವ ಜನ ಇದ್ದರು. ನಾವು ಪ್ರತಿಭೆ ಎಂದು ಕೈಮುಗಿಯುವುದರಲ್ಲಿ ಬಹುಪಾಲು, ಯಾರ ಕಣ್ಣಿಗೂ ಬೀಳದೆ ಬಾಲ್ಯದಲ್ಲೇ ನಡೆದು ಹೋದ ಅಭ್ಯಾಸ.

ಚಿಂತಾಮಣಿಯ ಎಡಗಾಲಿನ ಹುಡುಗನೊಬ್ಬನಲ್ಲಿ ಇದನ್ನು ಕಣ್ಣಾರೆ ಕಂಡೆ. ಅವನ ಕಾಲಿಗೆ ಚೆಂಡು ಅಂಟಿಕೊಂಡೇ ಇರುತ್ತಿತ್ತು. ಎಲ್ಲರೂ ದೈವದತ್ತ ಎಂದರು. ಅವನ ತಾಯಿ ತರಕಾರಿ ವ್ಯಾಪಾರ ಮಾಡುತ್ತಿದ್ದರು. ನಡೆಯಲು ಬಂದ ದಿನದಿಂದ ಅವನು ಬೆಳೆದದ್ದು ಟೊಮೆಟೊ ಕ್ರೇಟುಗಳ ಸಂದಿಯಲ್ಲಿ. ಕೊಳೆತ ಹಣ್ಣು, ಸೋರೆಕಾಯಿ ಚೂರು, ಹರಿದ ಚೆಂಡು, ಸಿಕ್ಕಿದ್ದನ್ನು ಒದೆಯುತ್ತ, ಹಮಾಲರ ಕಾಲುಗಳ ನಡುವೆ ನುಸುಳಿಕೊಂಡು ಹತ್ತು ವರ್ಷ ಓಡಾಡಿದ್ದ. ಆ ಹತ್ತು ವರ್ಷಗಳನ್ನು ಯಾರೂ ಪ್ರ್ಯಾಕ್ಟೀಸ್ ಎಂದು ಎಣಿಸಲಿಲ್ಲ, ಅವನೂ ಎಣಿಸಲಿಲ್ಲ. ನೀನು ಹುಟ್ಟಾ ಪ್ಲೇಯರ್ ಎಂದು ಎಲ್ಲರೂ ಹೇಳಿದ್ದನ್ನು ನಂಬಿ, ಹದಿನೇಳನೆಯ ವಯಸ್ಸಿಗೆ ಸಂಜೆ ಬರುವುದನ್ನು ಕಡಿಮೆ ಮಾಡಿದ. ಹೊಗಳಿಕೆಯೇ ಅವನ ಆಟವನ್ನು ತಿಂದಿತು. ಅವನ ತಪ್ಪು ಅದರಲ್ಲಿ ಸ್ವಲ್ಪ, ನಮ್ಮೆಲ್ಲರದು ಬಹಳ.

ವಯಸ್ಸಿನ ವಿಚಾರವನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲಿ 1980ರ ದಶಕದಲ್ಲಿ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ನೋಡಿದಾಗ ಜನವರಿ, ಫೆಬ್ರುವರಿ, ಮಾರ್ಚಿನಲ್ಲಿ ಹುಟ್ಟಿದವರೇ ರಾಶಿ ಇದ್ದರು. ಕಾರಣ ಸರಳ. ವಯೋಮಿತಿಯ ಲೆಕ್ಕ ಜನವರಿ 1ರಿಂದ ಶುರು. ಒಂದೇ ಗುಂಪಿನಲ್ಲಿ ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದು, ಎತ್ತರದಲ್ಲೂ ಓಟದಲ್ಲೂ ಮುಂದು. ಕೋಚ್ ಅದನ್ನು ಪ್ರತಿಭೆ ಎಂದು ತಿಳಿದು ಹೆಚ್ಚು ಆಡಿಸುತ್ತಾನೆ, ಹೆಚ್ಚು ಆಡಿದ್ದರಿಂದ ಆ ಮಗು ನಿಜವಾಗಿಯೂ ಮುಂದೆ ಹೋಗುತ್ತದೆ. ಆಮೇಲೆ ಫುಟ್‌ಬಾಲಿನಲ್ಲೂ ಇದೇ ಕಂಡುಬಂತು. ನಮ್ಮಲ್ಲಿ ಎಷ್ಟೋ ಜನರ ಶಾಲಾ ದಾಖಲೆಯ ಹುಟ್ಟಿದ ದಿನ ಹೆಡ್‌ಮಾಸ್ತರರು ಅಂದಾಜಿನ ಮೇಲೆ ಬರೆದ ಜೂನ್ 1. ಅಂಥ ಕಡೆ ಹದಿನಾಲ್ಕರ ಗುಂಪಿನಲ್ಲಿ ಮೀಸೆ ಚಿಗುರಿದ ಹುಡುಗ ನಾಲ್ವರನ್ನು ತಳ್ಳಿಕೊಂಡು ಗೋಲು ಹೊಡೆದರೆ ಅದು ಆಟದ ಪ್ರತಿಭೆಯೋ ಎಲುಬಿನ ಬೆಳವಣಿಗೆಯೋ? ಚಿಕ್ಕ ಗಾತ್ರದ ಹುಡುಗನನ್ನು ಆ ವಯಸ್ಸಿನಲ್ಲಿ ಮನೆಗೆ ಕಳಿಸಿದರೆ ಅವನು ಬೆಳೆದ ಮೇಲೆ ತಿರುಗಿ ಬರುವುದಿಲ್ಲ.

ಇಂಗ್ಲೆಂಡಿನ ಜೇಮಿ ವಾರ್ಡಿ ತಿರುಗಿ ಬಂದ. ಹದಿನಾರರಲ್ಲಿ ಕುಳ್ಳ ಎಂದು ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಬಿಟ್ಟುಬಿಟ್ಟಿತು. ಆತ ಕಾರ್ಖಾನೆಯಲ್ಲಿ ದುಡಿಯುತ್ತ ಸ್ಟಾಕ್ಸ್‌ಬ್ರಿಡ್ಜ್ ಎಂಬ ಸಣ್ಣ ಊರಿನ ಕ್ಲಬ್ಬಿಗೆ ಕೆಳ ಲೀಗಿನಲ್ಲಿ ಆಡಿದ, 2012ರಲ್ಲಿ ಲೆಸ್ಟರ್ ಸೇರಿದ, 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ. ಈ ಕತೆಯನ್ನು ಹುಡುಗರಿಗೆ ಹೇಳುವಾಗ ಒಂದು ಮಾತು ಸೇರಿಸುತ್ತೇನೆ: ಅವನು ಬಿದ್ದಾಗ ಹಿಡಿಯಲು ಕೆಳಗೆ ಒಂದರ ಕೆಳಗೊಂದು ಲೀಗುಗಳಿದ್ದವು, ವಾರ ವಾರ ಪಂದ್ಯ ಇತ್ತು. ಬೆಂಗಳೂರಿನಲ್ಲೂ ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳಿವೆ. ನಮ್ಮ ತಾಲ್ಲೂಕುಗಳಿಗೆ ಬೇಕಾದದ್ದು ಆ ಸಿ ಡಿವಿಷನ್ನಿಗೂ ಕೆಳಗಿನ ಮೆಟ್ಟಿಲು.

ಬೆಂಗಳೂರಿಗೆ ಹೋಗಿ ಆಡುವುದೂ ಸುಲಭವಲ್ಲ. ನಮ್ಮ ಮೈದಾನ ಗಟ್ಟಿ ಕೆಮ್ಮಣ್ಣು, ಅದರಲ್ಲಿ ಗರಸು. ಚೆಂಡು ಮೊಳಕಾಲ ಮೇಲಕ್ಕೆ ಪುಟಿಯುತ್ತದೆ. ಜಾರಿ ತಡೆದರೆ ತೊಡೆಯ ಚರ್ಮ ಮಣ್ಣಿಗೆ. ಹಾಗಾಗಿ ನಮ್ಮ ಹುಡುಗರು ನೆಲದ ಪಾಸಿಗಿಂತ ಗಾಳಿಯ ಚೆಂಡನ್ನೇ ನಂಬುತ್ತಾರೆ. ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಮ್ಮಿನ ಕೃತಕ ಹುಲ್ಲಿನ ಮೇಲೆ ಚೆಂಡು ಸರ್ರನೆ ಜಾರಿ ಬಂದಾಗ ಮೊದಲ ಹತ್ತು ನಿಮಿಷ ಒದ್ದಾಡುತ್ತಾರೆ. ಆ ಹತ್ತು ನಿಮಿಷ ನೋಡಿದವರು ‘ಟಚ್ ಇಲ್ಲ’ ಎನ್ನುತ್ತಾರೆ. ಗೌರಿಬಿದನೂರಿನ ಹುಡುಗನ ಪಾಡು ಇನ್ನೊಂದು ಬಗೆ. ಅವನ ಊರಿನ ರೈಲು ಯಲಹಂಕಕ್ಕೆ ನೇರ ಹೋಗುತ್ತದೆ, ತನ್ನದೇ ಜಿಲ್ಲಾ ಕೇಂದ್ರಕ್ಕೆ ಹೋಗುವುದಿಲ್ಲ. ಚಿಕ್ಕಬಳ್ಳಾಪುರಕ್ಕೆ ಮಂಚೇನಹಳ್ಳಿ ದಾರಿಯಲ್ಲಿ ಬಸ್ಸೇ ಗತಿ. ಸಂಜೆ ಆಟ ಮುಗಿದ ಮೇಲೆ ಬಸ್ಸು ತಪ್ಪಿದರೆ ಎಂಬ ಭಯದಲ್ಲಿ ಕೊನೆಯ ಕಾಲು ಗಂಟೆ ಅವನು ಗಡಿಯಾರ ನೋಡುತ್ತ ಆಡುತ್ತಾನೆ. ಅವನಿಗೆ ನಿಷ್ಠೆ ಇಲ್ಲ ಎನ್ನುವವರು ಒಮ್ಮೆ ಆ ಬಸ್ ಸ್ಟ್ಯಾಂಡಿಗೆ ಬರಬೇಕು. ಶಿಡ್ಲಘಟ್ಟದ ಗೋಲ್‌ಕೀಪರ್ ದಿನಾ ಬರುತ್ತಿದ್ದ ಎಂದೆನಲ್ಲ, ಅದರ ಹಿಂದೆ ಅವನ ಮಾಲೀಕನ ಪಾಲೂ ಇದೆ. ಸಂಜೆ ನಾಲ್ಕೂವರೆಗೆ ‘ಹೋಗಪ್ಪಾ’ ಎಂದು ಬಿಟ್ಟುಕೊಡುತ್ತಿದ್ದ ಆ ಮನುಷ್ಯ ಒಂದು ಪಂದ್ಯವನ್ನೂ ನೋಡಿದವನಲ್ಲ.

ಇದೇ ಜಿಲ್ಲೆಯಲ್ಲಿ ಮಕ್ಕಳಿಗೆ ನಾವು ಹೇಳುವುದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ದುಡಿಮೆಯ ಕತೆ, ಓದಬೇಕೆಂದು ಗೌರಿಬಿದನೂರು ಸೀಮೆಯ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋದ ಎಚ್. ನರಸಿಂಹಯ್ಯನವರ ಕತೆ. ಓದಿನ ವಿಷಯದಲ್ಲಿ ಶ್ರಮವನ್ನು ಇಷ್ಟು ನಂಬುವ ನಾವು ಆಟದ ಮೈದಾನಕ್ಕೆ ಕಾಲಿಟ್ಟ ಕೂಡಲೇ ಹುಟ್ಟನ್ನು ನಂಬಲು ಶುರು ಮಾಡುತ್ತೇವೆ. ಏಕೆ ಹೀಗೆ ಎಂದು ಬಹಳ ಯೋಚಿಸಿದ್ದೇನೆ. ಹುಟ್ಟು ಎಂದುಬಿಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು, ಅದಕ್ಕೇ ಇರಬೇಕು. ಶ್ರಮ ಎಂದರೆ ಮೈದಾನ ಕೊಡಬೇಕು, ಬೂಟು ಕೊಡಬೇಕು, ಮೊಟ್ಟೆ ಹಾಲು ಕೊಡಬೇಕು.

ರಾಜ್ಯದ ತಂಡವನ್ನೇ ನೋಡಿ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ಕೊನೆಯ ಸಲ ಗೆದ್ದಿದ್ದು 1968-69ರಲ್ಲಿ. ಐವತ್ತನಾಲ್ಕು ವರ್ಷ. ಅಷ್ಟು ಕಾಲ ಈ ನಾಡಿನಲ್ಲಿ ಪ್ರತಿಭೆ ಬತ್ತಿತ್ತು ಎಂದು ನಾನು ನಂಬಲಾರೆ.

ಜಿಲ್ಲೆಯ ತಂಡ ಆರಿಸಲು ಬರುವ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟು. ಆಯ್ಕೆಯ ದಿನ ಬೆಳಿಗ್ಗೆ ಚೆಂಡು ಹೊರಗೆ ತೆಗೆಯುವ ಮುಂಚೆ ಎಲ್ಲ ತಾಲ್ಲೂಕುಗಳ ಪಿ.ಟಿ. ಮಾಸ್ತರರಿಂದ ಹಿಂದಿನ ಮೂರು ತಿಂಗಳ ಹಾಜರಿ ಪುಸ್ತಕ ತರಿಸಿಕೊಳ್ಳಿ. ದಿನಾ ಬಂದವರ ಹೆಸರಿಗೆ ಒಂದು ಗುರುತು ಹಾಕಿ. ಆಮೇಲೆ ಆಟ ನೋಡಿ. ಇಬ್ಬರು ಸಮಸಮ ಕಂಡರೆ ಗುರುತಿರುವವನನ್ನು ಆರಿಸಿ, ಗುರುತಿದ್ದೂ ಹಿಂದೆ ಬಿದ್ದವನನ್ನು ಮುಂದಿನ ವರ್ಷ ಬಾ ಎಂದು ಹೆಸರು ಹಿಡಿದು ಕರೆಯಿರಿ. ಪುಸ್ತಕ ಇಡದ ಮಾಸ್ತರರು ಇದ್ದರೆ ಈ ಜೂನ್‌ನಿಂದಲೇ ಇಡಲು ಹೇಳಿ.