ಕೈಯಿಂದ ಕೈಗೆ ಹೋಗುವ ಆಟ

ಕಮಲಾಪುರದಲ್ಲಿರುವ ಅಕ್ಕನ ಮಗ ಹೊಸ ಗೇಮ್ ಕನ್ಸೋಲ್ ಕೊಂಡಿದ್ದಾನೆ. ಡಿಸ್ಕ್ ಹಾಕುವ ಜಾಗವೇ ಇಲ್ಲದ ಮಾದರಿ, ಅದಕ್ಕೇ ಬೆಲೆ ತುಸು ಕಡಿಮೆ. ಕಲಬುರಗಿಯ ನಮ್ಮ ಮನೆಯ ಕಪಾಟಿನಲ್ಲಿ ಅದೇ ಕನ್ಸೋಲಿನ ಡಿಸ್ಕುಗಳು ಸಾಲಾಗಿ ಕೂತಿವೆ. ಹುಮನಾಬಾದ್ ಕಡೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಿದರೆ ಸಂಜೆಯೊಳಗೆ ಅವನಿಗೆ ಮುಟ್ಟುತ್ತಿದ್ದವು. ಇನ್ನು ಒಂದನ್ನೂ ಕೊಡುವ ಹಾಗಿಲ್ಲ. "ಈಗ ಡಿಸ್ಕ್ ಯಾರ್ ತಗೋತಾರ ಮಾಮಾ, ಎಲ್ಲಾ ಡೌನ್‌ಲೋಡೇ" ಎಂದ. ದೊಡ್ಡ ಆಟವೆಂದರೆ ನೂರು ಜಿಬಿ ಹತ್ತಿರ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಅದು ಇಳಿದು ಮುಗಿಯುವಷ್ಟರಲ್ಲಿ ಆಡುವ ಹುರುಪೂ ಇಳಿದಿರುತ್ತದೆ.

ಕನ್ಸೋಲ್ ಬಗ್ಗೆ ಮಾತಾಡುವವರಿಗೆ ಯಾವಾಗಲೂ ಯಂತ್ರದ ತಾಕತ್ತಿನದೇ ಧ್ಯಾನ. 2020ರಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ 12 ಟೆರಾಫ್ಲಾಪ್, ಪ್ಲೇಸ್ಟೇಷನ್ 5ಕ್ಕೆ ಹತ್ತು ಚಿಲ್ಲರೆ ಎಂದು ವರ್ಷಗಟ್ಟಲೆ ಜಗಳವಾಡಿದರು. ಹೆಚ್ಚು ಮಾರಾಟವಾದದ್ದು ಹತ್ತು ಚಿಲ್ಲರೆಯದೇ. ಇದು ಹೊಸದಲ್ಲ. ಜಪಾನಿನ ಸ್ಕ್ವೇರ್ ಕಂಪನಿ ತನ್ನ ಫೈನಲ್ ಫ್ಯಾಂಟಸಿಯ ಮೊದಲ ಆರು ಆಟಗಳನ್ನೂ ನಿಂಟೆಂಡೊ ಯಂತ್ರಗಳಿಗೇ ಮಾಡಿತ್ತು. ಏಳನೆಯದಕ್ಕೆ ಮೂರು ಸಿಡಿ ಬೇಕಾದವು. ನಿಂಟೆಂಡೊ 64ರ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ 64 ಎಂಬಿ. ಒಂದು ಸಿಡಿಯಲ್ಲಿ ಅದರ ಹತ್ತು ಪಟ್ಟು. 1997ರ ಜನವರಿಯಲ್ಲಿ ಆ ಆಟ ಪ್ಲೇಸ್ಟೇಷನ್‌ಗೆ ಬಂತು, ಆಡುವವರೂ ಅದರ ಹಿಂದೆಯೇ ಬಂದರು. 64 ಬಿಟ್‌ನ ಯಂತ್ರ ಮೂರೂಕಾಲು ಕೋಟಿಯ ಆಸುಪಾಸಿನ ಮಾರಾಟಕ್ಕೆ ನಿಂತಿತು, 32 ಬಿಟ್‌ನ ಪ್ಲೇಸ್ಟೇಷನ್ ಹತ್ತು ಕೋಟಿ ದಾಟಿತು.

ಯಾವ ಕನ್ಸೋಲಿಗೆ ಒಳ್ಳೆಯ ಆಟಗಳಿವೆಯೋ ಅದೇ ಗೆಲ್ಲುತ್ತದೆ ಎಂದು ಇದನ್ನು ನೋಡಿ ಎಲ್ಲರೂ ಹೇಳುತ್ತಾರೆ. ಆ ಆಟಗಳಲ್ಲಿ ಎಷ್ಟು ನಮ್ಮ ಓಣಿಗೆ ಬಂದು ಮುಟ್ಟುತ್ತವೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಊರು ಇನ್ನೂ ಗುಲಬರ್ಗಾ ಆಗಿದ್ದಾಗ, ಸೂಪರ್ ಮಾರ್ಕೆಟ್‌ನಿಂದ ಮನೆಗಳಿಗೆ ಬರುತ್ತಿದ್ದ ಟಿವಿ ಗೇಮ್‌ಗಳು ನಿಂಟೆಂಡೊದ 1983ರ ಫ್ಯಾಮಿಕಾಮ್‌ನ ನಕಲುಗಳು. ಮೇಲಿನ ಹೆಸರು ಯಾವುದೇ ಇರಲಿ, ಕ್ಯಾಸೆಟ್ ಕೂರುವ ಜಾಗ ಒಂದೇ, 60 ಪಿನ್ನಿನದು. ಒಬ್ಬನ ಮನೆಯ ಕಾಂಟ್ರಾ ಇನ್ನೊಬ್ಬನ ಮನೆಯ ಡಬ್ಬಿಯಲ್ಲೂ ಓಡುತ್ತಿತ್ತು. ಅವನು ಮಾರಿಯೋ ಕೊಟ್ಟರೆ ನಾನು ಟ್ಯಾಂಕ್ ಕೊಡುತ್ತಿದ್ದೆ, ಬಾತುಕೋಳಿ ಹೊಡೆಯುವ ಬಂದೂಕು ಇದ್ದವನ ಮನೆಯಲ್ಲಿ ರವಿವಾರ ಎಲ್ಲರೂ ಸೇರುತ್ತಿದ್ದೆವು. ಒಬ್ಬೊಬ್ಬರ ಹತ್ತಿರ ಎರಡು ಮೂರು ಕ್ಯಾಸೆಟ್, ಆದರೆ ಆಡಲು ಓಣಿಯಷ್ಟು ಆಟ. ಅದೇ 90ರ ದಶಕದ ಮಧ್ಯದಲ್ಲಿ ಶಾ ವಾಲೇಸ್ ಕಂಪನಿ ಸೆಗಾದ 16 ಬಿಟ್ ಯಂತ್ರವನ್ನು ಭಾರತಕ್ಕೆ ತಂದಿತು. ಬಣ್ಣ, ಸದ್ದು, ಓಟ ಎಲ್ಲದರಲ್ಲೂ ಮೇಲು. ಆದರೆ ಅದರ ಕ್ಯಾಸೆಟ್ ಓಣಿಯಲ್ಲಿ ಇನ್ನೊಬ್ಬರ ಹತ್ತಿರ ಇರಲಿಲ್ಲ. ಬದಲಿಸಿಕೊಳ್ಳಲು ಆಗದ ಯಂತ್ರ ನಮ್ಮಲ್ಲಿ ಹೇಗೆ ನಿಂತೀತು?

ಸಂಖ್ಯೆಯ ಮಾತು ಆಗಲೂ ಇತ್ತು. ಲೇಬಲ್ ಮೇಲೆ 9999999 ಇನ್ 1 ಎಂದು ಬರೆದ ಕ್ಯಾಸೆಟ್ ಹಾಕಿದರೆ ಅವೇ ಬೆರಳೆಣಿಕೆಯ ಆಟಗಳು ಬೇರೆ ಬೇರೆ ಹಂತದಿಂದ ಶುರುವಾಗಿ ಮತ್ತೆ ಮತ್ತೆ ಬರುತ್ತಿದ್ದವು. ಒಂದೇ ಆಟವಿದ್ದ ಕಾಂಟ್ರಾ ಕ್ಯಾಸೆಟ್ ಅದಕ್ಕಿಂತ ದೊಡ್ಡ ಆಸ್ತಿ. ಇಬ್ಬರು ಪಕ್ಕಪಕ್ಕದಲ್ಲಿ ಕೂತು ಆಡಬಹುದಿತ್ತಲ್ಲ!

ಹಳೇ ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದುವವರನ್ನು ಕಂಡರೆ ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ. ಊದಬೇಡಿ. ಉಸಿರಿನ ತೇವ ಪಿನ್ನಿಗೆ ಹತ್ತಿ ನಿಧಾನಕ್ಕೆ ಕಿಲುಬು ಹಿಡಿಸುತ್ತದೆ. ಊದಿದ ಮೇಲೆ ಓಡುವುದಕ್ಕೆ ಕಾರಣ ಊದಿದ್ದಲ್ಲ, ತೆಗೆದು ಮತ್ತೆ ಹಾಕಿದಾಗ ಪಿನ್ನು ಸರಿಯಾಗಿ ತಾಗಿದ್ದು. ಮಕ್ಕಳ ಬಿಳಿ ರಬ್ಬರ್ ತಗೊಳ್ಳಿ, ಇಂಕ್ ಅಳಿಸುವ ನೀಲಿ ರಬ್ಬರ್ ಬೇಡ, ಅದು ಒರಟು, ಪಿನ್ನಿನ ಮೇಲಿನ ಲೇಪವನ್ನೇ ಕೆರೆದು ತೆಗೆಯುತ್ತದೆ. ರಬ್ಬರಿನ ಮೂಲೆಯಿಂದ ಪಿನ್ನಿನ ಉದ್ದಕ್ಕೆ ಮೆಲ್ಲಗೆ ಉಜ್ಜಬೇಕು, ಅಡ್ಡಡ್ಡ ಅಲ್ಲ. ಒಂದು ಬದಿಗೆ 30, ಇನ್ನೊಂದು ಬದಿಗೆ 30. ಪುಡಿ ಉದುರಿಸಿ, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ. ಕಡ್ಡಿ ಕಪ್ಪಾಗಿ ಬಂದಷ್ಟೂ ಹೊಸ ಕಡ್ಡಿ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಒಣಗಲು ಹೊತ್ತೇ ಬೇಕಿಲ್ಲ, ಆದರೂ ತುಸು ತಡೆದು ಹಾಕಿ. ಆಮೇಲೆ ಟಿವಿಯ ಬೂದು ಪರದೆ ಹೋಗಿ ಆಟದ ಹೆಸರು ಮೂಡಿದಾಗ ಆಗುವ ಸಂತೋಷ ಯಾವ ಹೊಸ ಯಂತ್ರದಲ್ಲೂ ನನಗೆ ಸಿಕ್ಕಿಲ್ಲ.

ಕೊಟ್ಟು ತಗೊಳ್ಳುವುದು ಬಡ ಊರಿನ ಸಮಾಚಾರ, ದೊಡ್ಡ ಮಾರುಕಟ್ಟೆಗೆ ಅದರ ಲೆಕ್ಕವಿಲ್ಲ ಎನ್ನುವ ಗೆಳೆಯರಿದ್ದಾರೆ. ಅವರಿಗೆ 2013 ಮರೆತುಹೋಗಿದೆ. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಘೋಷಿಸಿ, ಡಿಸ್ಕ್ ಇನ್ನೊಬ್ಬರಿಗೆ ಕೊಡುವುದಕ್ಕೆ ನಿರ್ಬಂಧ ಹಾಕಹೊರಟಿತು. ಆ ವರ್ಷದ ಜೂನಿನಲ್ಲಿ ಸೋನಿ ಒಂದು ಪುಟ್ಟ ವಿಡಿಯೋ ಬಿಟ್ಟಿತು. ಆಟವನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದು ಹೇಗೆಂದು ತೋರಿಸುವ ವಿಡಿಯೋ. ಒಬ್ಬ ಡಿಸ್ಕಿನ ಡಬ್ಬಿ ಚಾಚುತ್ತಾನೆ, ಇನ್ನೊಬ್ಬ ತಗೊಳ್ಳುತ್ತಾನೆ, ಮುಗಿಯಿತು. ಜನ ಎಷ್ಟು ಸಿಟ್ಟಾದರೆಂದರೆ ಮೈಕ್ರೋಸಾಫ್ಟ್ ಆ ತಿಂಗಳಲ್ಲೇ ನಿರ್ಬಂಧ ಹಿಂದಕ್ಕೆ ಪಡೆಯಿತು. ಆ ಸುತ್ತಿನಲ್ಲಿ ಮುಂದೆ ಹೋದದ್ದು ಪ್ಲೇಸ್ಟೇಷನ್ 4.

ಅಂದು ಅಷ್ಟು ಕೂಗಾಡಿ ಉಳಿಸಿಕೊಂಡದ್ದನ್ನು ಇಂದು ನಾವೇ ನಾಲ್ಕು ಕಾಸಿನ ಉಳಿತಾಯಕ್ಕೆ ಬಿಟ್ಟುಕೊಡುತ್ತಿದ್ದೇವೆ. ಅದೇ ನನಗೆ ಸಹಿಸಲಾಗದ್ದು. ಆನ್‌ಲೈನ್ ಅಂಗಡಿಗೆ ಬಾಗಿಲು ಹಾಕುವ ದಿನವೂ ಬರುತ್ತದೆ. ನಿಂಟೆಂಡೊ 2023ರ ಮಾರ್ಚ್‌ನಲ್ಲಿ ವೀ ಯು ಮತ್ತು 3ಡಿಎಸ್‌ನದನ್ನು ಮುಚ್ಚಿತು, ಮರುವರ್ಷ ಜುಲೈನಲ್ಲಿ ಎಕ್ಸ್‌ಬಾಕ್ಸ್ 360ರದೂ ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟವನ್ನು ಹೊಸಬ ಇನ್ನು ಎಲ್ಲಿಂದ ತರಬೇಕು? ಇಎ ಕಂಪನಿ 2006ರಲ್ಲಿ ಕ್ರಿಕೆಟ್ 07 ತಂದಿತು, ಪಿಎಸ್ 2 ಮತ್ತು ಕಂಪ್ಯೂಟರಿಗೆ ಮಾತ್ರ. ಅದೇ ವರ್ಷ ಭಾರತಕ್ಕೆ ಬಂದ ಎಕ್ಸ್‌ಬಾಕ್ಸ್ 360ಕ್ಕೆ ಅದು ಬರಲೇ ಇಲ್ಲ. ಆಮೇಲೆ ಇಎ ಅಂಥ ಕ್ರಿಕೆಟ್ ಆಟವನ್ನು ಮತ್ತೆ ಮಾಡಲೂ ಇಲ್ಲ. ಅದರ ಡಿಸ್ಕ್ ನನ್ನ ಹತ್ತಿರ ಇದೆ, ಪಿಎಸ್ 2 ಇನ್ನೂ ಓಡುತ್ತದೆ. ಬೇಕಾದವರು ಕೇಳಿ ಒಯ್ಯಬಹುದು, ಆಡಿ ವಾಪಸ್ ಕೊಟ್ಟರೆ ಸಾಕು.